ಸೋಗಾನೆಯಲ್ಲೊಂದು ಲೋಹಚಿಕಿತ್ಸೆ

ಶಿವಮೊಗ್ಗೆಗೂ ಭದ್ರಾವತಿಗೂ ನಡುವಣ ದೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಒಂದು ಊರಿನ ಮಗ್ಗುಲಲ್ಲಿ ತುಂಗೆ ಹರಿಯುತ್ತಾಳೆ, ಇನ್ನೊಂದರ ನಡುವೆಯೇ ಭದ್ರೆ. ಕೂಡಲಿಯಲ್ಲಿ ಇವರಿಬ್ಬರೂ ಒಂದುಗೂಡುವುದಕ್ಕೆ ಮುನ್ನ ಇವರ ಮಧ್ಯದಲ್ಲಿ ಉಳಿದಿರುವ ಭೂಭಾಗವು ಪೂರ್ಣವಾಗಿ ಮಲೆನಾಡೂ ಅಲ್ಲ, ಪೂರ್ಣವಾಗಿ ಬಯಲುಸೀಮೆಯೂ ಅಲ್ಲ. ತಗ್ಗಿನಲ್ಲಿ ಗದ್ದೆ, ಕಬ್ಬು, ಅಡಕೆಯ ತೋಟ. ಏರಿನಲ್ಲಿ ಜಲ್ಲಿ ಬೆರೆತ ಕೆಮ್ಮಣ್ಣು, ಕುರುಚಲು ಗಿಡ. ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಸರಿದು ಸೋಗಾನೆ ಎಂಬ ಗ್ರಾಮವಿದೆ.

ಹಿಂದೆ ಸೋಗಾನೆಯೆಂದರೆ ಶಿವಮೊಗ್ಗೆಯವರಿಗೆ ಅಲ್ಲಿನ ಕಾರಾಗೃಹದ ನೆನಪಾಗುತ್ತಿತ್ತು. ಮಕ್ಕಳು ಹಟ ಮಾಡಿದರೆ ‘ಸೋಗಾನೆಗೆ ಕಳಿಸುತ್ತೇವೆ’ ಎಂದು ಹೆದರಿಸುವ ತಾಯಂದಿರನ್ನು ನಾವು ಕಂಡಿದ್ದೇವೆ. ಈಗ ಆ ಮಾತಿಗೆ ಮಕ್ಕಳು ಹೆದರುವ ಬದಲು ಕುಣಿಯಬಹುದು. ಏಕೆಂದರೆ ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಪ್ರಧಾನಮಂತ್ರಿಗಳು ಅಲ್ಲಿ ವಿಮಾನನಿಲ್ದಾಣವನ್ನು ಉದ್ಘಾಟಿಸಿದರು. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟಿದ್ದಾರೆ. ಕಟ್ಟಡವು ಕಮಲದ ಆಕೃತಿಯದು. ಓಡುದಾರಿಯ ಉದ್ದ ೩,೨೦೦ ಮೀಟರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನದನ್ನು ಬಿಟ್ಟರೆ ಇಷ್ಟು ಉದ್ದನೆಯದು ಬೇರೊಂದಿಲ್ಲವಂತೆ. ಅದೇ ವರ್ಷ ಆಗಸ್ಟ್ ೩೧ರಂದು ಮೊದಲ ಪ್ರಯಾಣಿಕ ವಿಮಾನವು ಬೆಂಗಳೂರಿನಿಂದ ಬಂದಿಳಿಯಿತು.

ಆದರೆ ನಾವು ಸೋಗಾನೆಗೆ ಹೋದುದು ವಿಮಾನವನ್ನು ನೋಡಲಿಕ್ಕಲ್ಲ. ಒಂದು ಹಳೆಯ ಮೋಟಾರು ಕಾರಿನ ಮೈಯನ್ನು ನೋಡಲಿಕ್ಕೆ. ನಮ್ಮಲ್ಲಿ ಹಿಂದೆ ಸಂಸ್ಕೃತ ಓದಿದ ಒಬ್ಬ ಶಿಷ್ಯನು (ಶಬ್ದರೂಪಗಳಲ್ಲಿ ಅವನಿಗೆ ಅಷ್ಟಾಗಿ ಪ್ರೀತಿಯಿರಲಿಲ್ಲ; ಕೈಗೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ) ತನ್ನ ಮನೆಯ ಹಿತ್ತಲಿನಲ್ಲಿ ತುಕ್ಕು ತಿಂದ ಕಾರೊಂದನ್ನು ಬಿಚ್ಚಿ ಹರವಿಕೊಂಡಿದ್ದಾನೆಂದೂ, ಒಂದು ವರ್ಷದಿಂದ ಅದನ್ನು ತಾನೇ ಸರಿಮಾಡುತ್ತಿದ್ದಾನೆಂದೂ ಕೇಳಿದ್ದೆವು. ಮಾಘಮಾಸದ ಒಂದು ಬೆಳಗ್ಗೆ ಭದ್ರಾವತಿಯ ಬಸ್ಸನ್ನು ಹತ್ತಿ, ಹೆದ್ದಾರಿಯಲ್ಲಿಳಿದು, ಅಲ್ಲಿಂದ ಆಟೋ ಹಿಡಿದು ಅವನ ಮನೆಯನ್ನು ಸೇರಿದೆವು.

ಆ ಕಾರಿನ ವಿಷಯಕ್ಕೆ ಬರುವ ಮೊದಲು ಈ ಸೀಮೆಗೂ ಕಬ್ಬಿಣಕ್ಕೂ ಇರುವ ನಂಟನ್ನು ಎರಡು ಮಾತಿನಲ್ಲಿ ಹೇಳಬೇಕು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಅಲ್ಲಿ ಬೆಂಕಿಯ ಕೆಲಸವೇ ಬಂದು ನೆಲೆಸಿತು. ಮೈಸೂರು ಸರ್ಕಾರವು ೧೯೧೮ರಲ್ಲಿ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆಯಲ್ಲಿ ೧೯೨೩ರ ಜನವರಿಯಿಂದ ಲೋಹ ಹರಿಯತೊಡಗಿತು. ವಿಶ್ವೇಶ್ವರಯ್ಯನವರು ಸ್ವತಃ ಅದರ ಆಡಳಿತವನ್ನು ವಹಿಸಿಕೊಂಡು ನಿಲ್ಲಿಸಿದರೆಂಬುದನ್ನು ಎಲ್ಲರೂ ಬಲ್ಲರು. ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ; ಕುಲುಮೆಗೆ ಹಾಕುತ್ತಿದ್ದುದು ನಮ್ಮ ಕಾಡಿನ ಮರವನ್ನು ಸುಟ್ಟ ಇದ್ದಲು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಕೆಮ್ಮಣ್ಣುಗುಂಡಿಯ ಆ ಕೆಂಪು ಮಣ್ಣು ಮತ್ತೇನೂ ಅಲ್ಲ, ಆಮ್ಲಜನಕದೊಡನೆ ಕೂಡಿಕೊಂಡಿರುವ ಕಬ್ಬಿಣವೇ. ಇದ್ದಲಿನ ಇಂಗಾಲವು ಉರಿಯಲ್ಲಿ ಆ ಆಮ್ಲಜನಕವನ್ನು ಸೆಳೆದುಕೊಂಡು ಹೋಗುತ್ತದೆ. ಲೋಹ ಉಳಿಯುತ್ತದೆ. ನಮ್ಮ ಹಿರಿಯರು ಅದಕ್ಕೆ ‘ಕರ್ಬುನ’ ಎಂದರು, ಎಂದರೆ ಕರಿಯ ಹೊನ್ನು. ಅದೇ ಸವೆದು ಕಬ್ಬಿಣವಾಯಿತು. ಈ ಕರಿಹೊನ್ನಿಗೆ ನೀರೂ ಗಾಳಿಯೂ ಒಟ್ಟಿಗೆ ತಾಕಿದರೆ ಅದು ಮತ್ತೆ ಆಮ್ಲಜನಕವನ್ನು ಕೂಡಿಕೊಂಡು ಕೆಂಪಾಗುತ್ತದೆ. ತುಕ್ಕೆಂದರೆ ಕಬ್ಬಿಣವು ತವರಿಗೆ ಹಿಂದಿರುಗುವುದು. ಕುಲುಮೆಯಲ್ಲಿ ಇದ್ದಲು ಸುಟ್ಟು ನಾವು ಮಾಡಿದ ಕೆಲಸವನ್ನು ಮಳೆಯು ಯಾವ ಖರ್ಚೂ ಇಲ್ಲದೆ ಹಿಂದಕ್ಕೆ ತಿರುಗಿಸುತ್ತದೆ.

ನಮ್ಮ ಶಿಷ್ಯನ ತಂದೆಯವರು ಆ ಕಾರ್ಖಾನೆಯ ಎರಕದ ಶಾಲೆಯಲ್ಲಿ ಮೂವತ್ತು ವರ್ಷ ದುಡಿದವರು. ಇವನೂ ಅಲ್ಲಿಯೇ ಗುತ್ತಿಗೆಯ ಕೆಲಸಗಾರನಾಗಿ ಬೆಸುಗೆ ಹಾಕುತ್ತಿದ್ದನು. ೨೦೨೩ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಭದ್ರಾವತಿಯಲ್ಲಿ ಜನರು ಬೀದಿಗಿಳಿದುದು ವಾಚಕರಿಗೆ ನೆನಪಿರಬಹುದು. ಆ ಮೇಲೆ ಅದೇ ವರ್ಷ ಕೆಲವು ಯಂತ್ರಗಳು ಮತ್ತೆ ತಿರುಗಿದುವಾದರೂ ಗುತ್ತಿಗೆಯವರೆಲ್ಲರಿಗೂ ಮೊದಲಿನಷ್ಟು ದಿನ ಕೆಲಸ ದೊರೆಯಲಿಲ್ಲ. ಒಂದೇ ವರ್ಷದಲ್ಲಿ, ಅವನ ಮನೆಯ ಪೂರ್ವಕ್ಕೆ ಕುಲುಮೆಯ ಊರು ಮಂಕಾಯಿತು. ಮನೆಯ ಮೇಲೆ ವಿಮಾನ ಹಾರಿತು. ‘ಮೇಲೆ ನೋಡಿದರೆ ಸದ್ದು, ಕೈ ನೋಡಿಕೊಂಡರೆ ಸುಮ್ಮನೆ’ ಎಂದು ಅವನೇ ನಗುತ್ತ ಹೇಳಿದನು.

ಇನ್ನು ಕಾರಿನ ವಿಷಯ. ಅದು ಹಿಂದೂಸ್ಥಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಕಾಂಟೆಸ್ಸಾ. ಇಟಲಿಯ ಮಾತಿನಲ್ಲಿ ಆ ಪದಕ್ಕೆ ಸಾಮಂತನ ಪತ್ನಿಯೆಂದು ಅರ್ಥ. ಇಂಗ್ಲೆಂಡಿನ ವಾಕ್ಸಾಲ್ ಕಂಪನಿಯವರು ೧೯೭೦ರ ದಶಕದಲ್ಲಿ ಮಾಡುತ್ತಿದ್ದ ಒಂದು ಕಾರಿನ ಅಚ್ಚುಗಳಿಂದ ರೂಪುಗೊಂಡ ಇದು ೧೯೮೪ರಲ್ಲಿ ನಮ್ಮ ದೇಶದ ಪೇಟೆಗೆ ಬಂದಿತು, ೨೦೦೨ರಲ್ಲಿ ನಿಂತಿತು. ಉದ್ದನೆಯ ಮೂತಿ, ಅಗಲವಾದ ಹೆಗಲು, ನೆಲಕ್ಕೊರಗಿದಂಥ ನಿಲುವು. ಅಮೆರಿಕೆಯಲ್ಲಿ ೧೯೬೦ರ ದಶಕದಲ್ಲಿ ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಯಂತ್ರವನ್ನು ಕೂರಿಸಿ ಯುವಕರಿಗೆ ಮಾರುತ್ತಿದ್ದರು. ೧೯೬೪ರ ಪಾಂಟಿಯಾಕ್ ಜಿ.ಟಿ.ಓ. ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಅಂಥವನ್ನು ಅಲ್ಲಿಯವರು ‘ಮಸಲ್ ಕಾರ್’ ಎಂದರು. ನಾವು ಮಾಂಸಲ ರಥವೆನ್ನೋಣ. ೧೯೭೩ರಲ್ಲಿ ತೈಲದ ಬೆಲೆ ಏರಿದ ಮೇಲೆ ಆ ಜಾತಿ ಅಲ್ಲಿಯೇ ಕ್ಷೀಣಿಸಿತು. ನಮ್ಮಲ್ಲಿ ಆ ಹೆಸರಿಗೆ ಹತ್ತಿರವಾದುದು ಈ ಕಾಂಟೆಸ್ಸಾ ಒಂದೇ. ಅದೂ ರೂಪದಿಂದ ಮಾತ್ರ. ಮೊದಮೊದಲು ಇದರೊಳಗಿದ್ದುದು ಅಂಬಾಸಡರಿನ ಒಂದೂವರೆ ಲೀಟರಿನ ಹಳೆಯ ಯಂತ್ರ. ಭೀಮನ ಮೈ, ಉತ್ತರಕುಮಾರನ ಎದೆ! ಆ ಮೇಲೆ ಜಪಾನಿನ ಇಸುಜು ಕಂಪನಿಯ ೧.೮ ಲೀಟರಿನ ಯಂತ್ರ ಬಂದ ಬಳಿಕ ಸ್ವಲ್ಪ ಮರ್ಯಾದೆ ಉಳಿಯಿತು. ನಮ್ಮ ಶಿಷ್ಯನ ಮನೆಯದು ಈ ಎರಡನೆಯ ಬಗೆಯದು, ೧೯೮೯ರಲ್ಲಿ ನೋಂದಣಿಯಾದುದು.

ಅವನ ತಂದೆಯವರು ಇದನ್ನು ಒಬ್ಬ ಅಡಕೆಯ ಬೆಳೆಗಾರರಿಂದ ಕಡಿಮೆ ಬೆಲೆಗೆ ಕೊಂಡಿದ್ದರು. ವರ್ಷಕ್ಕೆರಡು ಸಲ ದೇವಸ್ಥಾನಗಳಿಗೆ, ಮದುವೆಯ ಕಾಲದಲ್ಲಿ ಊರಿನವರೆಲ್ಲರ ದಿಬ್ಬಣಕ್ಕೆ, ಎರಡು ಬಾರಿ ಹೆರಿಗೆಗೆಂದು ಆಸ್ಪತ್ರೆಗೆ, ಹೀಗೆ ಅದು ಓಡಿತು. ೨೦೧೧ರಲ್ಲಿ ಹಿರಿಯರು ತೀರಿಕೊಂಡ ಮೇಲೆ ಹುಣಸೆಯ ಮರದ ಕೆಳಗೆ ತಾಡಪಾಲು ಹೊದ್ದು ನಿಂತಿತು. ಹೊದಿಸಿದುದೇ ಕೇಡಾಯಿತು. ತಾಡಪಾಲು ಮಳೆಯನ್ನು ತಡೆಯಿತು. ನೆಲದಿಂದೇಳುವ ಆವಿಯನ್ನು ಹೊರಗೆ ಬಿಡಲಿಲ್ಲ. ಹುಣಸೆಯ ಎಲೆ ಗಾಜಿನ ಕೆಳಗಿನ ಸಂದಿಯಲ್ಲಿ ಸೇರಿ ಕೊಳೆತು ನೀರಿನ ದಾರಿಯನ್ನು ಕಟ್ಟಿತು. ಹನ್ನೆರಡು ಮಳೆಗಾಲಗಳಲ್ಲಿ ತಳದ ತಗಡು ಹಪ್ಪಳವಾಯಿತು.

ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದನು. ಮನೆಯಲ್ಲಿ ಆಗ ಹಣದ ಅಡಚಣೆ. ಮಗಳನ್ನು ಶಿವಮೊಗ್ಗೆಯ ಕಾಲೇಜಿಗೆ ಸೇರಿಸಬೇಕಾದ ವರ್ಷ. ಗೃಹಿಣಿಯು ಕೊಟ್ಟುಬಿಡೋಣವೆಂದಳು, ಅವಳ ಮಾತು ನ್ಯಾಯವಾದುದೇ ಆಗಿತ್ತು. ಇವನು ಮೂರು ದಿನ ಯೋಚಿಸಿ, ‘ಬೆಸುಗೆ ಬಲ್ಲ ಕೈ ಸುಮ್ಮನಿದೆ. ಕಾರಿನ ಮೈಕೆಲಸ ಇದರ ಮೇಲೆಯೇ ಕಲಿಯುತ್ತೇನೆ. ಕಲಿತರೆ ಹತ್ತು ಜನರ ಕಾರು ಬಂದೀತು. ಕಲಿಯದೆ ಹೋದರೆ ಗುಜರಿಯವನು ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದನಂತೆ. ಒಂದು ವರ್ಷದ ಗಡುವನ್ನು ಅವಳು ಕೊಟ್ಟಳು. ಖರ್ಚಿನ ಲೆಕ್ಕವನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳೇ ಬರೆದಿಡುತ್ತಾಳೆ. ‘ಕಾರು ಯಾವತ್ತು ಓಡುತ್ತೋ ಗೊತ್ತಿಲ್ಲ ಮೇಷ್ಟ್ರೇ, ಕರೆಂಟಿನ ಮೀಟರು ಮಾತ್ರ ಚೆನ್ನಾಗಿ ಓಡ್ತಾ ಇದೆ’ ಎಂದು ಕಾಫಿ ಕೊಡುತ್ತ ನಮಗೆ ಹೇಳಿದಳು.

ಹಿತ್ತಲಿನಲ್ಲಿ ತಗಡಿನ ಚಪ್ಪರದ ಕೆಳಗೆ ಕಾರು ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಚಕ್ರಗಳಿಲ್ಲ, ಗಾಜಿಲ್ಲ, ಯಂತ್ರವಿಲ್ಲ. ಯಜ್ಞಶಾಲೆಯಲ್ಲಿ ಪಾತ್ರೆಗಳನ್ನು ಜೋಡಿಸಿಟ್ಟಂತೆ ಅಂಗಾಂಗಗಳೆಲ್ಲ ಗೋಡೆಯ ಬುಡದಲ್ಲಿ ಸಾಲಾಗಿದ್ದುವು. ಬಿಸ್ಕತ್ತಿನ ಡಬ್ಬಗಳಲ್ಲಿ ತಿರುಪುಗಳು. ಪ್ರತಿಯೊಂದರ ಮೇಲೂ ಮಗಳ ಕೈಬರಹದ ಚೀಟಿ: ‘ಎಡ ಹಿಂಬಾಗಿಲು, ಕೆಳಕೀಲು’. ಬಿಚ್ಚುವಾಗ ಪ್ರತಿ ಹೆಜ್ಜೆಯ ಛಾಯಾಚಿತ್ರವನ್ನೂ ಆ ಹುಡುಗಿ ಫೋನಿನಲ್ಲಿ ತೆಗೆದಿಟ್ಟಿದ್ದಾಳೆ. ಬಿಚ್ಚುವುದು ಸುಲಭ, ಎಲ್ಲಿಯದು ಎಲ್ಲಿಗೆ ಎಂಬ ಸ್ಮೃತಿಯೇ ಕಷ್ಟ. ಪದವಿಭಾಗ ಮಾಡಿದವನಿಗೆ ಅನ್ವಯವೂ ತಿಳಿದಿರಬೇಕಷ್ಟೆ.

ನಾವು ಹೋದಾಗ ಅವನು ಸಣ್ಣ ಸುತ್ತಿಗೆಯಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದನು. ಒಳ್ಳೆಯ ತಗಡು ಟಣ್ ಎನ್ನುತ್ತದೆ. ತುಕ್ಕು ತಿಂದುದು ಒಡಕು ಮಡಕೆಯಂತೆ ಮೂಗಿನಲ್ಲಿ ಮಾತನಾಡುತ್ತದೆ. ಬಣ್ಣದ ಮೇಲೆ ಹುಗುಳಿನಷ್ಟು ಗುಳ್ಳೆಯೆದ್ದಿದ್ದರೆ ಒಳಗೆ ಅಂಗೈಯಗಲ ಹೋಗಿದೆಯೆಂದು ತಿಳಿಯಬೇಕಂತೆ. ತುಕ್ಕು ತಾನು ತಿಂದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಹಿಡಿಯುವುದರಿಂದಲೇ ಬಣ್ಣವನ್ನು ಮೇಲೆತ್ತುತ್ತದೆ. ತಾಮ್ರಕ್ಕೂ ಕಿಲುಬು ಬರುತ್ತದೆ. ಆದರೆ ಕಾಲಕ್ರಮದಲ್ಲಿ ಅದು ಮೈಗಂಟಿಕೊಂಡು ಒಳಗಿನ ತಾಮ್ರವನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಕಬ್ಬಿಣದ ತುಕ್ಕಿಗೆ ಆ ನಿಷ್ಠೆಯಿಲ್ಲ. ಪದರ ಪದರವಾಗಿ ಉದುರಿ, ಹೊಸ ಮೈಯನ್ನು ನೀರಿಗೆ ತೋರಿಸುತ್ತ ಹೋಗುತ್ತದೆ.

ಆ ಪಟ್ಟಿಯ ಒಂದು ಭಾಗವನ್ನು ಅವನು ಕೆರೆದು ತೋರಿಸಿದನು. ಹಿಂದೊಮ್ಮೆ ಯಾವುದೋ ಕಾರ್ಯಾಗಾರದಲ್ಲಿ ಅದನ್ನು ‘ರಿಪೇರಿ’ ಮಾಡಿಸಿದ್ದರಂತೆ. ತೂತಿನೊಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ, ಮೇಲೆ ಬೆರಳುದ್ದ ದಪ್ಪಕ್ಕೆ ಪುಟ್ಟಿಯನ್ನು ಮೆತ್ತಿ, ಉಪ್ಪುಕಾಗದದಿಂದ ನುಣುಪು ಮಾಡಿ ಬಣ್ಣ ಹೊಡೆದಿದ್ದರು! ಹೊರಗಿನಿಂದ ಕನ್ನಡಿ; ಒಳಗೆ ಒದ್ದೆಯಾದ ಕಾಗದ. ಹೀಗೆ ಮಾಡುವುದಕ್ಕೆ ರಿಪೇರಿಯೆಂಬ ಹೆಸರು ಸಲ್ಲದು. ಈ ಜಾತಿಯ ಕಾರುಗಳಲ್ಲಿ ಮೈಗೆ ಬೇರೆಯಾದ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ಬಾಗಿಲ ಕೆಳಗಿನ ಆ ಪಟ್ಟಿ ಮನೆಗೆ ತೊಲೆಯಿದ್ದಂತೆ, ಕುಳಿತವರ ಭಾರವೆಲ್ಲ ಅದರ ಮೇಲೆ. ಪುಟ್ಟಿಯನ್ನು ಮೆತ್ತಿದರೆ ತೊಲೆಗೆ ಗೆದ್ದಲು ಹಿಡಿದಾಗ ಸುಣ್ಣ ಬಳಿದಷ್ಟೇ ಫಲ. ಹಳೆಯ ಕಾರನ್ನು ಕೊಳ್ಳುವ ಗೃಹಸ್ಥರು ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಲಿ. ಎಲ್ಲಿ ಅದು ಅಂಟದೆ ಜಾರುತ್ತದೆಯೋ ಅಲ್ಲಿ ಪುಟ್ಟಿಯಿದೆ.

ಈ ತೊಲೆಯನ್ನು ಕತ್ತರಿಸುವುದಕ್ಕೆ ಮೊದಲು ಅವನು ಬಾಗಿಲ ತೆರವಿನಲ್ಲಿ ಕಬ್ಬಿಣದ ಮೂಲೆಪಟ್ಟಿಗಳನ್ನು ಅಡ್ಡಡ್ಡ ಬೆಸೆದು ಬಿಗಿದಿದ್ದನು. ಹಾಗೆ ಮಾಡದೆ ಕತ್ತರಿಸಿದರೆ ಮೈ ತನ್ನ ಭಾರಕ್ಕೆ ತಾನೇ ನಡುವೆ ಜಗ್ಗುತ್ತದೆ. ಮತ್ತೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಕತ್ತರಿಸುವುದು ಎಲ್ಲಿಯವರೆಗೆ? ಗಟ್ಟಿ ಲೋಹ ಸಿಕ್ಕುವವರೆಗೆ. ಅಲ್ಲಿಂದ ಒಂದು ಬೆರಳು ಕಡಿಮೆಯಾದರೆ ರೋಗ ಉಳಿಯಿತು. ಹೆಚ್ಚಾದರೆ ಕಾರು ಉಳಿಯಲಿಲ್ಲ. ಶಸ್ತ್ರವೈದ್ಯರಿಗೂ ಇದೇ ಕಷ್ಟವಲ್ಲವೆ? ಆ ಬಳಿಕ ಮದುವೆಯ ಕರೆಯೋಲೆಯ ದಪ್ಪ ಕಾಗದದಲ್ಲಿ ತುಂಡಿನ ನಮೂನೆಯನ್ನು ಕತ್ತರಿಸಿ, ಅದರಂತೆ ಇಪ್ಪತ್ತು ಗೇಜಿನ, ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ತಗಡನ್ನು ಕೊಯ್ದು, ಬಡಿದು, ಬಾಗಿಸಿ ಕೂರಿಸಬೇಕು. ಬೆಸುಗೆಯನ್ನು ಒಂದೇ ಎಳೆಯಲ್ಲಿ ಹಾಕಿದರೆ ತಗಡು ಕಾದು ಅಪ್ಪಳಿಸಿದ ಅಪ್ಪಚ್ಚಿಯಂತೆ ಸೊಟ್ಟಗಾಗುತ್ತದೆ. ಆದುದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ನಡುವೆ ತಣಿಯಲು ಬಿಡುವು. ಕಾರ್ಖಾನೆಯಲ್ಲಿ ಅಂಗುಲ ದಪ್ಪದ ಹಾಳೆಗಳನ್ನು ಬೆಸೆದು ರೂಢಿಯಾದವನಿಗೆ ಈ ಸಾವಧಾನವೇ ಹೊಸ ಪಾಠವಾಯಿತಂತೆ. ಮೊದಲ ತಿಂಗಳು ಬೆಸೆದುದಕ್ಕಿಂತ ತೂತು ಮಾಡಿದುದೇ ಹೆಚ್ಚೆಂದು ಮಗಳು ದೂರಿದಳು.

ಗೃಹಿಣಿಯರಿಗೆ ರುಚಿಸಬಹುದಾದುದು ಇನ್ನೊಂದು ಪ್ರಯೋಗ. ಬಾಗಿಲ ಕೀಲು, ಚಿಲಕ, ಹಿಡಿ ಮುಂತಾದ ಸಣ್ಣ ವಸ್ತುಗಳನ್ನು ಉಜ್ಜಿ ಸವೆಸುವ ಬದಲು ಒಂದು ನೀಲಿಯ ಪೀಪಾಯಿಯಲ್ಲಿ ನೆನೆಹಾಕಿದ್ದನು. ಪೀಪಾಯಿಯಲ್ಲಿದ್ದುದು ಕಾಕಂಬಿ! ಕಬ್ಬಿನ ಸೀಮೆಯಾದುದರಿಂದ ಅದಕ್ಕೆ ಕೊರತೆಯಿಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಎರಡು ಮೂರು ವಾರ ಬಿಟ್ಟರೆ ಕಾಕಂಬಿಯಲ್ಲಿನ ಆಮ್ಲಗಳು ತುಕ್ಕನ್ನು ಹಿಡಿದು ಕರಗಿಸುತ್ತವೆ; ಗಟ್ಟಿ ಕಬ್ಬಿಣಕ್ಕೆ ಅಷ್ಟಾಗಿ ಕೈಹಚ್ಚುವುದಿಲ್ಲ. ಅದರ ವಾಸನೆ ಮಾತ್ರ ಆಲೆಮನೆಯ ನೆನಪನ್ನು ತರುವಂಥದಲ್ಲ, ಹುಳಿತ ಕಲಗಚ್ಚಿನದು. ತೆಗೆದೊಡನೆ ತೊಳೆದು ಒಣಗಿಸಿ ಎಣ್ಣೆ ಸವರಬೇಕು, ಇಲ್ಲವಾದರೆ ಗಂಟೆಯೊಳಗೆ ಮತ್ತೆ ಕೆಂಪು ಮೂಡುತ್ತದೆ. ದೋಸೆಯ ಕಾವಲಿಯನ್ನು ತೊಳೆದು ಒರೆಸಿ ಎಣ್ಣೆ ಬಳಿದಿಡುವ, ಮೆಟ್ಟುಗತ್ತಿಯನ್ನು ಒದ್ದೆಯಾಗಿ ಬಿಡದ ನಮ್ಮ ಮನೆಯ ಹೆಂಗಸರಿಗೆ ಲೋಹಶಾಸ್ತ್ರದ ಈ ಅಧ್ಯಾಯವನ್ನು ಯಾರೂ ಕಲಿಸಬೇಕಾಗಿಲ್ಲ. ಅವನ ತಾಯಿಯವರು ನಮ್ಮ ಮಾತನ್ನು ಕೇಳುತ್ತಿದ್ದವರು, ‘ನಾನು ಮೊದ್ಲೇ ಹೇಳಿದ್ದೆ ಮೇಷ್ಟ್ರೇ, ಎಣ್ಣೆ ಕಾಣದ ಕಬ್ಬಿಣ ಉಳಿಯಲ್ಲ ಅಂತ. ಕಾರಿಗೆ ಎಣ್ಣೆ ಹಚ್ತಾರೇನಜ್ಜಿ ಅಂತ ನಕ್ಕರು’ ಎಂದರು. ಹಚ್ಚುತ್ತಾರೆ! ಮುಚ್ಚಿದ ಟೊಳ್ಳುಗಳೊಳಗೆ ಕೊನೆಗೆ ಮೇಣ ಬೆರೆತ ಎಣ್ಣೆಯನ್ನೇ ಚಿಮುಕಿಸಿ ಬಿಡಬೇಕು.

ನಮ್ಮ ವೈದ್ಯರಿಗೂ ಕಬ್ಬಿಣದ ಹೊಲಸಿನ ಪರಿಚಯ ಚೆನ್ನಾಗಿತ್ತೆಂಬುದನ್ನು ಇಲ್ಲಿ ಹೇಳದೆ ಹೋಗಲಾರೆವು. ಹಳೆಯ ಕುಲುಮೆಗಳ ಬಳಿ ನೆಲದಲ್ಲಿ ಬಿದ್ದಿರುವ ಲೋಹಕಿಟ್ಟಕ್ಕೆ ರಸಶಾಸ್ತ್ರದಲ್ಲಿ ಮಂಡೂರವೆಂದು ಹೆಸರು. ನೂರು ವರ್ಷ ಹಳೆಯದು ಉತ್ತಮ, ಎಂಬತ್ತು ವರ್ಷದ್ದು ಮಧ್ಯಮ, ಅರುವತ್ತರದು ಅಧಮವೆಂದು ಎಣಿಸುತ್ತಾರೆ. ಅದನ್ನು ಸಂಸ್ಕರಿಸಿ ಪಾಂಡುರೋಗಕ್ಕೆ ಕೊಡುತ್ತಾರೆ. ಹಳತಾದಷ್ಟೂ ಬೆಲೆಯೇರುವ ಕಸವು ಲೋಕದಲ್ಲಿ ಮತ್ತಾವುದಿದೆಯೋ ಕಾಣೆವು. ಇದನ್ನು ಕೇಳಿ ಶಿಷ್ಯನು ತಗಡಿನ ಚೂರುಗಳ ರಾಶಿಯನ್ನು ತೋರಿಸಿ, ‘ಹಾಗಾದರೆ ಇದನ್ನು ಇನ್ನು ಅರುವತ್ತು ವರ್ಷ ಕಾಯಬೇಕು’ ಎಂದನು.

ಕಬ್ಬಿಣವೆಲ್ಲವೂ ಹೀಗೆ ಕರಗಲೇಬೇಕೆಂಬ ನಿಯಮವೇನೂ ಇಲ್ಲ. ದೆಹಲಿಯ ಮೆಹ್ರೌಲಿಯಲ್ಲಿರುವ ಸ್ತಂಭವು ಸುಮಾರು ೧,೬೦೦ ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರಲ್ಲಿ ಹೆಚ್ಚಾಗಿರುವ ರಂಜಕದ ಅಂಶವು ಮೇಲ್ಮೈಯಲ್ಲಿ ಒಂದು ತೆಳುಪೊರೆಯನ್ನು ಕಟ್ಟಿ ಕಾಪಾಡಿದೆಯೆಂದು ಕಾನ್ಪುರದ ವಿಜ್ಞಾನಿ ಬಾಲಸುಬ್ರಹ್ಮಣ್ಯಂ ಅವರು ತೋರಿಸಿಕೊಟ್ಟಿದ್ದಾರೆ. ಅಷ್ಟು ದೂರವೇಕೆ? ನಮ್ಮ ಜಿಲ್ಲೆಯ ಕೊಡಚಾದ್ರಿಯ ಮೇಲೆ ಮೂಲಮೂಕಾಂಬಿಕೆಯ ಗುಡಿಯ ಬಳಿ ಒಂದು ಕಬ್ಬಿಣದ ಕಂಬವಿದೆ. ಪಶ್ಚಿಮಸಮುದ್ರದಿಂದ ಬರುವ ಮಳೆಗೂ ಮಂಜಿಗೂ ಎದೆಕೊಟ್ಟು ಅದು ನಿಂತಿದೆ. ಅದನ್ನು ಇದ್ದಲಿನ ಸಣ್ಣ ಕುಲುಮೆಯಲ್ಲಿ ಕರಗಿಸಿ ಬಡಿದ ಕೈಗಳಾವುವೋ! ಆದರೆ ಆ ಕಂಬದ ಹೆಮ್ಮೆಯನ್ನು ಕಾರಿನ ತಗಡಿಗೆ ಆರೋಪಿಸಲಾಗದು. ಅಲ್ಲಿ ಕೈಗಾತ್ರದ ಲೋಹ. ಇಲ್ಲಿ ಹಾಳೆಯಷ್ಟು ತೆಳು, ಮೇಲಾಗಿ ನೀರು ಸೇರಿ ಕೂರುವ ಮಡಿಕೆಗಳು ನೂರು.

ಇನ್ನು ಆ ದಿನ ಆ ಮನೆಯಲ್ಲಿ ನಡೆದ ಮುಖ್ಯವಾದ ಚರ್ಚೆಯನ್ನು ಹೇಳಬೇಕು. ಹಿಂದಿನ ಆಸನದ ಕೆಳಗೆ, ನೆಲದ ತಗಡಿನಲ್ಲಿ, ಒಂದು ದಪ್ಪನೆಯ ಕಬ್ಬಿಣದ ಹಲಗೆಯಿತ್ತು. ಎರಡು ಗೇಣು ಉದ್ದ, ಒಂದು ಗೇಣು ಅಗಲ. ಸುತ್ತಲೂ ಹದಿನಾರು ರಿವೆಟ್ಟುಗಳು. ಬಹಳ ಹಿಂದೆ ಅಲ್ಲಿ ತೂತು ಬಿದ್ದಾಗ ತಂದೆಯವರು ತಾವೇ ಕುಳಿತು ಹೊಡೆದುದು. ರಿವೆಟ್ಟುಗಳ ಸಾಲು ಗೆರೆ ಎಳೆದಂತೆ ನೇರವಾಗಿತ್ತು. ಕಾರಿನಲ್ಲಿ ಉಳಿದುದೆಲ್ಲವೂ ಉತ್ತರಪಾರಾದ್ದು. ಅದೊಂದು ಮಾತ್ರ ಸೋಗಾನೆಯದು. ಅದನ್ನು ಹಾಗೆಯೇ ಉಳಿಸಬೇಕೆಂದು ಶಿಷ್ಯನ ಮನಸ್ಸು. ಆದರೆ ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟು ಬಡಿದಲ್ಲಿ ಎಳೆಯಷ್ಟು ಸಂದು ಉಳಿಯುತ್ತದೆ; ಆ ಸಂದಿಗೆ ನೀರು ಹೋಗಬಲ್ಲುದು, ಗಾಳಿ ಹೋಗಿ ಒಣಗಿಸಲಾರದು. ತುಕ್ಕಿಗೆ ಅದಕ್ಕಿಂತ ಒಳ್ಳೆಯ ಬಿಲವಿಲ್ಲ. ಹಲಗೆ ಗಟ್ಟಿಯಾಗಿಯೇ ಇತ್ತು. ಅದರ ಸುತ್ತಣ ನೆಲ ಜರಡಿಯಾಗಿತ್ತು. ಆಸನದ ಪಟ್ಟಿಯ ಹಿಡಿಕೆಯೂ ಅಲ್ಲಿಯೇ ಬರುತ್ತದೆ.

‘ನೀವೇನಂತೀರಿ ಮೇಷ್ಟ್ರೇ?’ ಎಂದು ಕೇಳಿದನು. ಹಳೆಯ ಗ್ರಂಥಗಳಲ್ಲಿ ಒಂದಕ್ಷರವನ್ನೂ ಕಳೆಯಬಾರದೆಂದು ತಾವೇ ಹೇಳುತ್ತಿದ್ದವರು ಎಂಬ ಅರ್ಥ ಅವನ ಮುಖದಲ್ಲಿತ್ತು. ‘ತಾಳೆಗರಿಯಲ್ಲಿ ಹುಳು ತಿಂದ ಜಾಗವನ್ನು ಹಾಗೆಯೇ ಬಿಟ್ಟರೆ ಪಕ್ಕದ ಗರಿಗೂ ಹತ್ತುತ್ತದೆ ಕಣಯ್ಯ. ಗರಿಯ ಮೇಲೆ ಯಾರೂ ಕೂತು ಪ್ರಯಾಣ ಮಾಡುವುದಿಲ್ಲ. ಇದರಲ್ಲಿ ನಿನ್ನ ಮಗಳು ಕೂರುತ್ತಾಳೆ’ ಎಂದೆವು. ಅವನು ಮಾತಾಡಲಿಲ್ಲ. ಗೃಹಿಣಿಯೂ ಸುಮ್ಮನಿದ್ದಳು. ಬಾಗಿಲಲ್ಲಿ ನಿಂತಿದ್ದ ಮುದುಕಿ, ‘ಅವರು ಇದ್ದಿದ್ರೆ ಇಷ್ಟೊತ್ತಿಗೆ ಕಿತ್ತು ಬಿಸಾಕಿರೋರು. ಕೆಟ್ಟಿದ್ದನ್ನ ಇಟ್ಕೊಳ್ಳೋ ಮನುಷ್ಯ ಅಲ್ಲ ಅವರು’ ಎಂದು ಒಳಗೆ ಹೋದರು.

ಅವನು ರಿವೆಟ್ಟುಗಳ ತಲೆಗಳನ್ನು ಒಂದೊಂದಾಗಿ ಉಳಿಯಿಂದ ತೆಗೆದನು. ಗ್ರೈಂಡರ್ ಇದ್ದರೂ ಅದನ್ನು ಮುಟ್ಟಲಿಲ್ಲ. ಹದಿನಾರಕ್ಕೂ ಮುಕ್ಕಾಲು ಗಂಟೆ ಹಿಡಿಯಿತು. ಹಲಗೆಯ ಕೆಳಗೆ ನಿರೀಕ್ಷಿಸಿದಂತೆಯೇ ಕೆಂಪು ಹುಡಿ. ಒಂದು ಹಿಡಿಯಷ್ಟನ್ನು ನಾವು ಕಾಗದದ ಮೇಲೆ ಹಿಡಿದೆವು. ಅಂಗಳದ ಕೆಮ್ಮಣ್ಣಿನ ಪಕ್ಕದಲ್ಲಿಟ್ಟರೆ ಎರಡಕ್ಕೂ ಬಣ್ಣದಲ್ಲಿ ಅಷ್ಟಾಗಿ ಭೇದವಿರಲಿಲ್ಲ. ಹಲಗೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಒರೆಸಿ, ಅವನು ಕೆಲಸದ ಮೇಜಿನ ಮೇಲೆ ಇಟ್ಟುಕೊಂಡನು. ಹೊಸ ತಗಡಿನ ತುಂಡನ್ನು ಅದರ ಮೇಲಿಟ್ಟು ಬಡಿಯತೊಡಗಿದನು. ಅಡಿಗಲ್ಲಾಗಲು ಅದರಂಥ ದಪ್ಪವೂ ಮಟ್ಟವೂ ಆದ ಲೋಹ ಆ ಮನೆಯಲ್ಲಿ ಬೇರೊಂದಿರಲಿಲ್ಲ.

ಮನೆಯಲ್ಲಿಯೇ ಇಂಥ ಕೆಲಸಕ್ಕೆ ಕೈಹಾಕುವವರಿಗೆ ಕೆಲವು ಎಚ್ಚರಿಕೆಗಳು. ಪೆಟ್ರೋಲಿನ ತೊಟ್ಟಿಯನ್ನು ಮೊದಲೇ ಬಿಚ್ಚಿ ದೂರದಲ್ಲಿಡಬೇಕು. ತುಂಬಿದ ತೊಟ್ಟಿಗಿಂತ ಬರಿದಾದುದೇ ಅಪಾಯ, ಏಕೆಂದರೆ ಅದರಲ್ಲಿ ಆವಿ ತುಂಬಿರುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಒಣಗಾಗಿ ಉಜ್ಜುವಾಗ ಮೂಗಿಗೆ ಮುಸುಕು ಬೇಕು, ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಸತುವಿನ ಲೇಪವಿರುವ ತಗಡನ್ನು ಬೆಸೆಯುವಾಗ ಏಳುವ ಬಿಳಿಹೊಗೆ ಜ್ವರ ತರುತ್ತದೆ. ಲೇಪವನ್ನು ಕೆರೆದೇ ಬೆಸೆಯಬೇಕು. ಬಾಗಿಲುಗಳ ಕೆಳಗೆ ನೀರಿಳಿಯಲು ಕಾರ್ಖಾನೆಯವರು ಬಿಟ್ಟಿರುವ ಸಣ್ಣ ತೂತುಗಳನ್ನು ಬಣ್ಣ ಬಳಿಯುವ ಉತ್ಸಾಹದಲ್ಲಿ ಮುಚ್ಚಿಬಿಡಬಾರದು. ಬಿಡಿಭಾಗಗಳು ಹೊಸದಾಗಿ ದೊರೆಯುವುದು ದುರ್ಲಭ, ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ತಾಳ್ಮೆಯಿಂದ ಅಲೆದರೆ ಕೆಲವು ಕೈಗೆ ಬರುತ್ತವೆ.

ಕಾಯಿದೆಯ ತೊಡಕು ಬೇರೆ ಇದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ೨೦೨೨ರ ಏಪ್ರಿಲ್ ಒಂದರಿಂದ ಇದರ ಶುಲ್ಕವನ್ನು ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿಸಿದರು. ಐವತ್ತು ವರ್ಷ ದಾಟಿದ ಪುರಾತನ ವಾಹನಗಳಿಗೆ ೨೦೨೧ರಲ್ಲಿ ಪ್ರತ್ಯೇಕ ನಿಯಮವಾಗಿ, ಅವುಗಳ ಸಂಖ್ಯಾಫಲಕದಲ್ಲಿ ‘ವಿ. ಎ.’ ಎಂಬ ಅಕ್ಷರಗಳಿರುತ್ತವೆ. ನಮ್ಮ ಶಿಷ್ಯನ ಕಾರಿಗೆ ಆ ಗೌರವ ಬರಲು ೨೦೩೯ರ ವರೆಗೆ ಕಾಯಬೇಕು. ಅಲ್ಲಿಯ ತನಕ ಅದು ಹೊಸತೂ ಅಲ್ಲ, ಪುರಾತನವೂ ಅಲ್ಲ, ಸುಮ್ಮನೆ ಮುದಿಯದು. ಮುದುಕರಿಗೆ ಲೋಕದಲ್ಲಿ ಶುಲ್ಕ ಹೆಚ್ಚು, ಮರ್ಯಾದೆ ಕಡಿಮೆ ಎಂದು ಹೇಳಿದರೆ ವ್ಯಂಗ್ಯವೆಂದು ತಿಳಿಯಬಾರದು.

ಗೃಹಿಣಿಯು ಕೊಟ್ಟ ಒಂದು ವರ್ಷದ ಗಡುವು ಮುಗಿದು ಒಂದು ತಿಂಗಳಾಗಿತ್ತು. ಕ್ಯಾಲೆಂಡರಿನ ಲೆಕ್ಕವನ್ನು ಅವಳು ನಮಗೆ ತೋರಿಸಿದಳು. ಒಂದು ಕಡೆ ತಗಡು, ಬೆಸುಗೆಯ ತಂತಿ, ಅನಿಲ, ಕರೆಂಟು, ಕಾಕಂಬಿ. ಇನ್ನೊಂದು ಕಡೆ ಮೂರೇ ಸಾಲು. ಪಕ್ಕದ ಹಳ್ಳಿಯವರ ಓಮ್ನಿಯ ತಳಕ್ಕೆ ತೇಪೆ. ಮಾಚೇನಹಳ್ಳಿಯಿಂದ ಬಂದ ಒಂದು ಅಂಬಾಸಡರಿನ ಬಾಗಿಲು. ವಿಮಾನನಿಲ್ದಾಣಕ್ಕೆ ಬಾಡಿಗೆ ಓಡಿಸುವವರೊಬ್ಬರ ಟ್ಯಾಕ್ಸಿಯ ಮಡ್‌ಗಾರ್ಡು. ಎರಡು ಕಡೆಯ ಮೊತ್ತಗಳು ಇನ್ನೂ ಸಮನಾಗಿರಲಿಲ್ಲ. ಗುಜರಿಯವನು ಹೇಳಿದ ಬೆಲೆಯನ್ನು ಅವಳು ಮೇಲುಗಡೆ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದಳು, ಅದನ್ನು ಹೊಡೆದುಹಾಕಿರಲಿಲ್ಲ. ‘ಗೌರಿಹಬ್ಬದವರೆಗೆ ನೋಡೋದು ಅಂತ ಆಗಿದೆ’ ಎಂದಳು.

ನಾವು ಹೊರಡುವಾಗ ಬಿಸಿಲು ಇಳಿಮುಖವಾಗಿತ್ತು. ನೆಲದ ಹೊಸ ತುಂಡಿಗೆ ಆರು ಚುಕ್ಕೆ ಬೆಸುಗೆ ಬಿದ್ದಿತ್ತು; ಇನ್ನೂ ನಲವತ್ತರಷ್ಟು ಬೀಳಬೇಕು. ಮುಂಗಾರು ಬರುವುದರೊಳಗೆ ತಳಕ್ಕೆಲ್ಲ ಕೆಂಪು ಲೇಪ, ಅದರ ಮೇಲೆ ಕಪ್ಪು ಲೇಪ ಮುಗಿಯಬೇಕೆಂದು ಅವನ ಅವಸರ. ಹುಡುಗಿಯು ಹುಣಸೆಯ ಮರದ ಒಂದು ಕೊಂಬೆಯನ್ನು ತೋರಿಸಿ, ಅದು ಚಪ್ಪರದ ಮೇಲೆ ಬಾಗಿದೆ, ಎಲೆ ಉದುರುವ ಮುಂಚೆ ಕಡಿಸಬೇಕೆಂದು ತಂದೆಗೆ ನೆನಪು ಮಾಡಿದಳು. ಹೆದ್ದಾರಿಯವರೆಗೆ ಅವನ ಸ್ಕೂಟರಿನಲ್ಲಿ ನಮ್ಮನ್ನು ಕರೆದುಕೊಂಡು ಬಂದು, ಭದ್ರಾವತಿಯಿಂದ ಬರುವ ಬಸ್ಸು ಸಿಕ್ಕುವವರೆಗೆ ಜೊತೆಯಲ್ಲಿ ನಿಂತಿದ್ದನು.